‘ಕ್ಲಿಕ್ಕಿಸು’ ಕನ್ನಡದ್ದಾಯಿತು, ‘ರಿಜೆಕ್ಟ್’ ಯಾಕೆ ಆಗಲಿಲ್ಲ?

ಮಳೆಗಾಲದಲ್ಲಿ ಮಂಡಗದ್ದೆಯ ನಡುಗಡ್ಡೆ ತುಂಬ ಬೆಳ್ಳಕ್ಕಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವವರು ಗಾಡಿ ನಿಲ್ಲಿಸಿ, ತುಂಗೆಯ ದಡದಲ್ಲಿ ನಿಂತು ಫೋಟೊ ‘ಕ್ಲಿಕ್ಕಿಸುತ್ತಾರೆ’. ಪತ್ರಿಕೆಗಳಲ್ಲೂ ದಿನಾ ಕಾಣುವ ಈ ಕ್ರಿಯಾಪದ ಹುಟ್ಟಿದ್ದು ಹೇಗೆ?

ಇಂಗ್ಲಿಷಿನ ಕ್ಲಿಕ್ ಮೂಲದಲ್ಲಿ ಬರೀ ಸದ್ದು. ನಮ್ಮ ಟಕ್, ಪಟ್ ಇದ್ದ ಹಾಗೆ ಅನುಕರಣ ಪದ. ಕ್ಯಾಮೆರಾದ ಸದ್ದಿಗೂ ಮೌಸಿನ ಸದ್ದಿಗೂ ಅದೇ ಹೆಸರಾಯಿತು, ಆಮೇಲೆ ಆ ಸದ್ದು ಹೊರಡಿಸುವ ಕೆಲಸಕ್ಕೂ. ಕನ್ನಡಕ್ಕೆ ಬಂದಾಗ, ಬಸ್ ‘ಬಸ್ಸು’ ಆದಂತೆ, ಹ್ರಸ್ವಸ್ವರದ ಮುಂದಿನ ಕಕಾರ ಎರಡಾಯಿತು. ಟ್ವೀಟ್‌ನಲ್ಲಿ ದೀರ್ಘ ಇರೋದರಿಂದ ‘ಟ್ವೀಟಿಸು’, ಅಲ್ಲಿ ಒಂದೇ ಟಕಾರ. ಯಾರೂ ಕಲಿಸದಿದ್ದರೂ ಈ ನಿಯಮ ನಾವು ತಪ್ಪೋದಿಲ್ಲ!

ಕೊನೆಗೆ ‘ಇಸು’ ಸೇರಿತು. ಸಂಸ್ಕೃತದ ಯೋಚನೆಯನ್ನು ‘ಯೋಚಿಸು’, ಫಾರಸಿಯ ಖರೀದಿಯನ್ನು ‘ಖರೀದಿಸು’, ನಮೂದನ್ನು ‘ನಮೂದಿಸು’ ಮಾಡಿದ್ದು ಇದೇ ಪ್ರತ್ಯಯ. ಸ್ಪ್ಯಾನಿಷ್‌ನಲ್ಲಿ ಈ ಕೆಲಸ ‘ಎಆರ್’ ಪ್ರತ್ಯಯದ್ದು. ಇಂಗ್ಲಿಷಿನ ಚೆಕ್ ಅಲ್ಲಿ ‘ಚೆಕೆಆರ್’, ಟ್ವೀಟ್ ‘ತುಯಿತೆಆರ್’. ಎರಡನೆಯದನ್ನು ಅಲ್ಲಿನ ರಾಯಲ್ ಅಕಾಡೆಮಿ 2014ರ ನಿಘಂಟಿಗೇ ಸೇರಿಸಿಕೊಂಡಿತು.

ನಾವು ಮಾತ್ರ ಇಂಗ್ಲಿಷ್ ಪದಕ್ಕೆ ‘ಇಸು’ ಹಚ್ಚೋದು ಅಪರೂಪ. ಸೇವ್ ‘ಮಾಡು’, ಫೇಲ್ ‘ಆಗು’ ಅಂತ ಮುಗಿಸ್ತೀವಿ. ‘ಮಾಡು’ ಬಗ್ಗೆ ನನ್ನದೇನೂ ತಕರಾರಿಲ್ಲ, ‘ಆಗು’ ಬಗ್ಗೆ ಇದೆ. ‘ಕ್ಲಿಕ್ಕಿಸಿದ’ ಅಂದರೆ ಯಾರು ಅನ್ನೋದು ಕ್ರಿಯಾಪದದಲ್ಲೇ ಇದೆ. ‘ರಿಜೆಕ್ಟ್ ಆಗಿದೆ’ ಅಂದರೆ ಮಾಡಿದವರೇ ಮಾಯ. (‘ತಿರಸ್ಕೃತವಾಗಿದೆ’ ಅಂತ ಸಂಸ್ಕೃತದಲ್ಲೂ ನುಣುಚಿಕೊಳ್ಳಬಹುದು, ಬಿಡಿ.)

ಮಲೆನಾಡಿನಲ್ಲಿ ಇದು ಬರೀ ವ್ಯಾಕರಣದ ತಲೆಹರಟೆ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸ ತೋರಿಸಬೇಕು. ಅರ್ಜಿ ಹಾಕಿದವರಿಗೆ ಸಿಗುವ ಉತ್ತರ ‘ರಿಜೆಕ್ಟ್ ಆಗಿದೆ’ ಅಂತಿದ್ದರೆ ಮುಂದೇನು? ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಹೋಗಬೇಕು. ಉಪವಿಭಾಗ ಸಮಿತಿಯೇ ತಿರಸ್ಕರಿಸಿದ್ದರೆ, ಮತ್ತೆ 60 ದಿನದೊಳಗೆ ಜಿಲ್ಲಾ ಸಮಿತಿಗೆ. ತಿರಸ್ಕರಿಸಿದ್ದು ಯಾರು ಅಂತ ಗೊತ್ತಾಗದೆ ಯಾವ ಬಾಗಿಲು ತಟ್ಟಬೇಕು ಅನ್ನೋದೂ ಗೊತ್ತಾಗಲ್ಲ. ಆ 60 ದಿನ ಮಾತ್ರ ಓಡ್ತಾ ಇರುತ್ತೆ.