ದಂಡಿನ ಬಿಡಾರದಲ್ಲಿ ತನಗೇ ಬರೆದುಕೊಂಡದ್ದು

ಕ್ರಿ.ಶ. 170ರ ದಶಕದ ಆರಂಭ. ಇಂದಿನ ವಿಯೆನ್ನಾ ನಗರದ ಪೂರ್ವಕ್ಕೆ, ಡ್ಯಾನ್ಯೂಬ್ ನದಿಯ ದಂಡೆಯ ಮೇಲೆ ಕಾರ್ನುಂಟಮ್ ಎಂಬ ರೋಮನ್ ಸೇನಾನೆಲೆ ಇತ್ತು. ಐವತ್ತು ದಾಟಿದ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಅಲ್ಲಿ ಬೀಡುಬಿಟ್ಟಿದ್ದ. 165ರ ಸುಮಾರಿಗೆ ಶುರುವಾದ ಮಹಾಪಿಡುಗು ಸಾಮ್ರಾಜ್ಯವನ್ನು ಇನ್ನೂ ಕಾಡುತ್ತಿತ್ತು. ಉತ್ತರದ ಬುಡಕಟ್ಟುಗಳು ಗಡಿ ದಾಟಿ ಇಟಲಿಯವರೆಗೂ ನುಗ್ಗಿದ್ದವು. ಮನೆಯಲ್ಲಿ ಮಗುವಿನ ಹಿಂದೆ ಮಗು ತೀರಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಅವನು ಬಿಡುವು ಮಾಡಿಕೊಂಡು ತನಗಾಗಿ ಏನೋ ಬರೆದುಕೊಳ್ಳುತ್ತಿದ್ದ.

ಹನ್ನೆರಡು ಭಾಗಗಳಲ್ಲಿ ನಮಗೆ ಉಳಿದುಬಂದಿರುವ ಆ ಬರಹವನ್ನು ಇಂಗ್ಲಿಷಿನಲ್ಲಿ 'ಮೆಡಿಟೇಶನ್ಸ್' ಎನ್ನುತ್ತಾರೆ. ಆ ಹೆಸರು ಅವನು ಕೊಟ್ಟದ್ದಲ್ಲ. ಗ್ರೀಕ್ ಪ್ರತಿಯ ಮೇಲಿದ್ದ ಹೆಸರಿನ ಅರ್ಥ 'ತನಗೆ ತಾನೇ' ಎಂದಷ್ಟೆ. ಇದು ನಾವು ತಿಳಿದ ಅರ್ಥದ ದಿನಚರಿಯೂ ಅಲ್ಲ. ಅದರಲ್ಲಿ ತಾರೀಖಿಲ್ಲ, ಯುದ್ಧದ ವರದಿಯಿಲ್ಲ. ಒಂದು ಭಾಗಕ್ಕೆ ಕಾರ್ನುಂಟಮ್ ಎಂಬ ಊರಿನ ಹೆಸರು, ಇನ್ನೊಂದಕ್ಕೆ ಕ್ವಾಡಿ ಜನರ ನಡುವಿನ ನದಿಯೊಂದರ ಹೆಸರು ಅಂಟಿಕೊಂಡಿರದಿದ್ದರೆ, ಅದನ್ನು ದಂಡಿನಲ್ಲಿ ಬರೆದದ್ದೆಂದು ಹೇಳುವುದೂ ಕಷ್ಟವಿತ್ತು. ಕಡಿದು ಬಿದ್ದ ಕೈ, ಕಾಲು, ತಲೆಯ ಮಾತು ಒಂದು ಕಡೆ ಬರುತ್ತದೆ. ಅದೂ ಉಪಮೆಯಾಗಿ: ಜನರಿಂದ ತನ್ನನ್ನು ತಾನೇ ಕತ್ತರಿಸಿಕೊಂಡ ಮನುಷ್ಯ ಹಾಗೆ ಎಂದು.

ಈ ಅಭ್ಯಾಸ ಅವನೇ ಹುಟ್ಟುಹಾಕಿದ್ದಲ್ಲ. ಅವನು ನಂಬಿದ್ದ ಸ್ಟೋಯಿಕ್ ಪಂಥದಲ್ಲಿ ಆತ್ಮಪರೀಕ್ಷೆ ನಿತ್ಯದ ಕೆಲಸವಾಗಿತ್ತು. ನೂರು ವರ್ಷ ಮೊದಲೇ ಸೆನೆಕಾ, ರಾತ್ರಿ ದೀಪ ತೆಗೆದ ಮೇಲೆ ಇಡೀ ದಿನದ ಮಾತು-ಕೃತಿಗಳನ್ನು ತನ್ನ ಮುಂದೆ ತಾನೇ ವಿಚಾರಣೆಗೆ ಇಡುವುದಾಗಿ ಹೇಳಿಕೊಂಡಿದ್ದ. ಗುಲಾಮನಾಗಿದ್ದು ಮುಂದೆ ಗುರುವಾದ ಎಪಿಕ್ಟೆಟಸ್‌ನ ಪಾಠಗಳನ್ನು ಮಾರ್ಕಸ್‌ನಿಗೆ ಓದಲು ಕೊಟ್ಟವನು ಅವನ ಉಪಾಧ್ಯಾಯ ರಸ್ಟಿಕಸ್. ಮನಸ್ಸನ್ನು ಕಲಕುವುದು ಘಟನೆಯಲ್ಲ, ಅದಕ್ಕೆ ನಾವು ಅಂಟಿಸುವ ತೀರ್ಮಾನ ಎಂಬುದು ಆ ಪಾಠದ ತಿರುಳು.

ಹಾಗಾಗಿ ಮಾರ್ಕಸ್ 'ನನಗೆ ಹೇಗನ್ನಿಸುತ್ತಿದೆ' ಎಂದು ಬರೆದು ಅಲ್ಲಿಗೇ ನಿಲ್ಲುವುದಿಲ್ಲ. ಅನ್ನಿಸಿದ್ದನ್ನು ಬಿಡಿಸಿ ನೋಡುತ್ತಾನೆ. ಔತಣದ ತಟ್ಟೆಯಲ್ಲಿರುವುದು ಸತ್ತ ಮೀನು, ದುಬಾರಿ ವೈನ್ ಎಂದರೆ ದ್ರಾಕ್ಷಿಯ ರಸ, ತಾನು ಹೊದ್ದ ರಾಜಪೋಷಾಕು ಚಿಪ್ಪುಜೀವಿಯ ರಕ್ತದಲ್ಲಿ ಅದ್ದಿದ ಕುರಿಯ ಉಣ್ಣೆ. ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಮನಸ್ಸಾಗದ್ದಕ್ಕೆ ತನ್ನೊಡನೆ ತಾನೇ ವಾದ ಹೂಡುತ್ತಾನೆ. ಕೃತಘ್ನರು, ಅಹಂಕಾರಿಗಳು ಇವತ್ತೂ ಎದುರಾಗುತ್ತಾರೆ, ಆದರೂ ಅವರು ನಿನ್ನ ಬಂಧುಗಳೇ ಎಂದು ಮುಂಜಾನೆಯೇ ನೆನಪಿಸಿಕೊಳ್ಳುತ್ತಾನೆ. ಸೋಮವಾರದ ಮೀಟಿಂಗಿಗೆ ಹೊರಟವರಿಗೆ ಇದು ತೀರ ಹಳೆಯ ಮಾತೆನಿಸದು.

ಸಿಟ್ಟು, ಕೀರ್ತಿಯ ಆಸೆ, ಸಾವು — ಇವೇ ಮತ್ತೆ ಮತ್ತೆ ಬರುತ್ತವೆ. ಸಾಹಿತ್ಯಕೃತಿಯಾಗಿ ಓದಿದರೆ ಇದು ದೋಷ. ಆದರೆ ಫ್ರೆಂಚ್ ವಿದ್ವಾಂಸ ಪಿಯರ್ ಹ್ಯಾಡೊ ತೋರಿಸಿಕೊಟ್ಟಂತೆ ಇದು ಸಾಧನೆ, ಸಂಗೀತಗಾರ ದಿನಾ ಅದೇ ಸ್ವರಗಳನ್ನು ಹಾಡಿದ ಹಾಗೆ. ಒಮ್ಮೆ ಬರೆದ ಮಾತ್ರಕ್ಕೆ ಸಿಟ್ಟು ಹೋಗಿದ್ದರೆ ಎರಡನೆಯ ಸಲ ಬರೆಯುವ ಅಗತ್ಯವಿರಲಿಲ್ಲ.

ಹೊರನಾಡಿನಲ್ಲಿರುವ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮಾರ್ಕಸ್‌ನ ಮನೆಮಾತು ಲ್ಯಾಟಿನ್, ಆಡಳಿತ ನಡೆಸಿದ್ದೂ ಲ್ಯಾಟಿನ್‌ನಲ್ಲೇ. ಆದರೆ ಈ ಖಾಸಗಿ ಬರಹಕ್ಕೆ ಅವನು ಆರಿಸಿಕೊಂಡದ್ದು ಗ್ರೀಕ್. ತತ್ವಶಾಸ್ತ್ರವನ್ನು ಅವನು ಕಲಿತ ನುಡಿ ಅದು. ನಮ್ಮಲ್ಲಿ ಹಲವರದು ಉಲ್ಟಾ: ಕಚೇರಿ ಇಂಗ್ಲಿಷಿನಲ್ಲಿ, ಬೀದಿ ಮರಾಠಿಯಲ್ಲೋ ತಮಿಳಿನಲ್ಲೋ, ಮನಸ್ಸಿನ ಲೆಕ್ಕ ಮಾತ್ರ ಕನ್ನಡದಲ್ಲಿ. ದಿಕ್ಕು ಬೇರೆಯಾದರೂ ಉಪಯೋಗ ಒಂದೇ. ಹುಕುಂ ಹೊರಡಿಸುವ ಭಾಷೆಯಿಂದ ಒಂದಿಷ್ಟು ದೂರ ಸರಿದಾಗ ಸಬೂಬುಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಅವನು ತನ್ನನ್ನು 'ನೀನು' ಎಂದೇ ಗದರಿಸುತ್ತಾನೆ. ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಬೈಯುವ ದಾಸರ ಪದಗಳನ್ನು ಕೇಳಿ ಬೆಳೆದವರಿಗೆ ಈ ದನಿ ಹೊಸದಲ್ಲ.

ಹಾಗೆಂದು ಬರಹ ಅವನನ್ನು ಎಲ್ಲ ತಪ್ಪುಗಳಿಂದ ಕಾಪಾಡಿತೇ? ಇಲ್ಲ. 177ರಲ್ಲಿ ಲಿಯಾನ್ ನಗರದಲ್ಲಿ ಕ್ರೈಸ್ತರನ್ನು ಹಿಂಸಿಸಿ ಕೊಂದದ್ದು ಅವನ ಆಳ್ವಿಕೆಯಲ್ಲೇ. ಅದೇ ವರ್ಷ ಅವನು ಸಹಚಕ್ರವರ್ತಿಯಾಗಿ ಮಾಡಿದ ಮಗ ಕೊಮೊಡಸ್ ಮುಂದೆ ಕ್ರೂರ ಅರಸನೆನಿಸಿಕೊಂಡು 192ರಲ್ಲಿ ಕೊಲೆಯಾದ. ಆ ಯುದ್ಧಗಳ ನೆನಪಿಗೆ ರೋಮ್‌ನಲ್ಲಿ ಎತ್ತಿದ ಕಂಬ ಇವತ್ತಿಗೂ ನಿಂತಿದೆ. ಉರಿಯುವ ಗುಡಿಸಲುಗಳು, ತಲೆ ಕಡಿಸಿಕೊಳ್ಳುವ ಸೆರೆಯಾಳುಗಳು ಅದರ ಕಲ್ಲಿನಲ್ಲಿವೆ. ಎಲ್ಲ ಮನುಷ್ಯರೂ ಬಂಧುಗಳೆಂದು ಬರೆದದ್ದೂ ಆ ಯುದ್ಧಗಳ ನಡುವೆಯೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ತನ್ನನ್ನು ತಾನು ಅರಿಯುವ ಬರಹ ಬರೆಯುವವನ ಮನಸ್ಸನ್ನು ಹದಗೊಳಿಸಬಲ್ಲದು. ಅವನು ಪ್ರಶ್ನಿಸದೇ ಬಿಟ್ಟ ವ್ಯವಸ್ಥೆ ಅದರಿಂದ ತಾನಾಗಿ ನೆಟ್ಟಗಾಗುವುದಿಲ್ಲ.

180ರ ಮಾರ್ಚ್‌ನಲ್ಲಿ, ಗಡಿಯಲ್ಲೇ, ಅವನು ತೀರಿಕೊಂಡ. ಆ ಹಾಳೆಗಳನ್ನು ಯಾರು ಎತ್ತಿಟ್ಟರೋ, ಯಾಕೆ ಉಳಿಸಿದರೋ. ಅವು ಮೊದಲ ಬಾರಿಗೆ ಅಚ್ಚಾದದ್ದು 1559ರಲ್ಲಿ, ಜೂರಿಕ್‌ನಲ್ಲಿ. ಅದಕ್ಕೆ ಆಧಾರವಾದ ಹಸ್ತಪ್ರತಿ ಆಮೇಲೆ ಕಳೆದೇಹೋಯಿತು. ಸತ್ತ ಮೇಲಿನ ಕೀರ್ತಿ ಬರೀ ಹೊಗೆ ಎಂದು ಪದೇ ಪದೇ ಬರೆದುಕೊಂಡವನನ್ನು ಲೋಕ ಇಂದು ಹೆಚ್ಚಾಗಿ ಓದುವುದು, ಯಾರಿಗೂ ತೋರಿಸಲೆಂದು ಬರೆಯದ ಈ ಟಿಪ್ಪಣಿಗಳಲ್ಲೇ.