ಸಿಗರೇಟ್ ಕಾರ್ಡುಗಳಲ್ಲಿ ರಂಗನಟಿಯರು

ಸಿಗರೇಟ್ ಪೊಟ್ಟಣದೊಳಗೆ ಇಟ್ಟು ಕೊಡುತ್ತಿದ್ದ, ರಂಗನಟಿಯರ ಚಿತ್ರವುಳ್ಳ ಚಿಕ್ಕ ಜಾಹೀರಾತು ರಟ್ಟುಗಳು. 1880ರ ದಶಕದ ಅಮೆರಿಕದಲ್ಲಿ ಇವು ಬಹು ಜನಪ್ರಿಯವಾಗಿದ್ದವು. ತೆಳುಕಾಗದದ ಪೊಟ್ಟಣದಲ್ಲಿ ಸಿಗರೇಟು ನಜ್ಜುಗುಜ್ಜಾಗದಂತೆ ತಡೆಯುವುದು ಈ ರಟ್ಟಿನ ಮೂಲ ಉಪಯೋಗ. ರಿಚ್ಮಂಡ್‌ನ ಆಲೆನ್ ಅಂಡ್ ಗಿಂಟರ್, ಡರ್ಹಮ್‌ನ ಡ್ಯೂಕ್ ಸನ್ಸ್ ಮುಂತಾದ ಕಂಪನಿಗಳು ಅದರ ಮೇಲೆ ಚಿತ್ರಮಾಲೆಗಳನ್ನು ಹೊರತಂದವು. ಮಾಲೆ ಪೂರ್ತಿಮಾಡುವ ಹಂಬಲದಿಂದ ಗಿರಾಕಿಗಳು ಅದೇ ಸಿಗರೇಟನ್ನು ಮತ್ತೆ ಮತ್ತೆ ಕೊಂಡರು. ಲಿಲಿಯನ್ ರಸೆಲ್, ಲಿಲಿ ಲ್ಯಾಂಗ್ಟ್ರಿಯಂಥ ಖ್ಯಾತ ನಟಿಯರ ಭಾವಚಿತ್ರಗಳನ್ನು ಮೊಟ್ಟೆಯ ಲೋಳೆ ಲೇಪಿಸಿದ ಕಾಗದದಲ್ಲಿ ಮುದ್ರಿಸಿ ರಟ್ಟಿಗೆ ಅಂಟಿಸುತ್ತಿದ್ದರು. ಬಣ್ಣದ ಕಲ್ಲಚ್ಚಿನವೂ ಇದ್ದವು. ಇಂಥ ಚಿತ್ರಗಳು ಅಸಭ್ಯವೆಂದು ಡ್ಯೂಕ್ ಸನ್ಸ್ ಕಂಪನಿಯ ಸ್ಥಾಪಕ ವಾಷಿಂಗ್ಟನ್ ಡ್ಯೂಕ್ 1894ರಲ್ಲಿ ಮಗ ಜೇಮ್ಸ್‌ಗೆ ಪತ್ರ ಬರೆದು ಆಕ್ಷೇಪಿಸಿದ. 1890ರಲ್ಲಿ ಪ್ರಮುಖ ಕಂಪನಿಗಳು ಒಂದಾದ ಮೇಲೆ ಪೈಪೋಟಿ ತಗ್ಗಿ, ಕಾರ್ಡುಗಳೂ ಕಡಿಮೆಯಾದವು. ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಕೂಡಿಟ್ಟ ಇಂಥ ಕಾರ್ಡುಗಳ ಬೃಹತ್ ಸಂಗ್ರಹ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.