ಸೊಂಟ, ತೊಟ್ಟಿಲು, ಗಾಡಿ: ಮಗುವನ್ನು ಹೊತ್ತ ಕಥೆ

ಹೆಮ್ಮಾಡಿ ಪೇಟೆಯಲ್ಲಿ ಹೆದ್ದಾರಿ ಬದಿ ಅರ್ಧ ಗಂಟೆ ನಿಂತರೆ ಎಷ್ಟೋ ಬಗೆಯ ಗಾಡಿ ಕಾಣುತ್ತವೆ. ಕೊಲ್ಲೂರಿಗೆ ತಿರುಗುವ ಬಸ್ಸು, ಬೈಂದೂರು ಕಡೆ ಹೋಗುವ ಲಾರಿ, ಮೀನಿನ ರಿಕ್ಷಾ, ಮಕರ ಸಂಕ್ರಾಂತಿ ಹೊತ್ತಿಗೆ ಮಾರಣಕಟ್ಟೆ ಜಾತ್ರೆಗೆ ಸೇವಂತಿಗೆ ಒಯ್ಯುವ ವಾಹನ. ಕಾಣುವುದು ಅಪರೂಪ ಎಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ಅಂದರೆ ಸ್ಟ್ರೋಲರ್.

ಹಾಗಂತ ಅದು ಊರಲ್ಲಿ ಇಲ್ಲ ಎಂದಲ್ಲ. ಬೆಂಗಳೂರಿನಿಂದ ಬಂದದ್ದು, ದುಬೈಯಿಂದ ತಂದದ್ದು, ಮೊಬೈಲಿನಲ್ಲೇ ಆರ್ಡರ್ ಮಾಡಿದ್ದು ಸಾಕಷ್ಟಿವೆ. ಹೆಚ್ಚಿನವು ನಾಲ್ಕು ದಿನ ಓಡಿ ಅಟ್ಟ ಸೇರಿವೆ. ಹೊಸ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಯಾವುದು ತಗೊಂಡರೆ ಒಳ್ಳೇದು? ಈ ಗಾಡಿ ಎಲ್ಲಿ ಹುಟ್ಟಿತು, ಯಾವ ನೆಲಕ್ಕಾಗಿ ಹುಟ್ಟಿತು ಎಂದು ಗೊತ್ತಾದರೆ ಉತ್ತರ ಅರ್ಧ ಸಿಕ್ಕಿದ ಹಾಗೆ. ಅದಕ್ಕೇ ಈ ಸಲ ಅದರ ಚರಿತ್ರೆ ಬರೆಯುತ್ತಿದ್ದೇವೆ.

ಮೊದಲು ಇದ್ದದ್ದು ಸೊಂಟ

ನಮ್ಮ ಕಡೆ ಮಗುವಿನ ಮೊದಲ ವಾಹನ ಸೊಂಟ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕೊಡಪಾನ. ಗದ್ದೆಗೆ ಹೋದರೆ ಅಂಚಿನ ಮರದ ಕೊಂಬೆಗೆ ಹಳೇ ಸೀರೆಯ ಜೋಲಿ. ಮನೆಯಲ್ಲಿ ಮಾಡಿನ ತೊಲೆಗೆ ಕಟ್ಟಿದ ತೊಟ್ಟಿಲು. ಹಣವಂತರ ಮನೆಯಲ್ಲಿ ಮರದ ತೊಟ್ಟಿಲು. ಅದರಲ್ಲಿ ಹೆಸರಾದದ್ದು ಧಾರವಾಡ ಜಿಲ್ಲೆಯ ಕಲಘಟಗಿಯದ್ದು. ಮೈಮೇಲೆಲ್ಲ ರಾಮಾಯಣ, ಮಹಾಭಾರತದ ಚಿತ್ರ ಬರೆದು ಅರಗಿನ ಬಣ್ಣ ಕೊಟ್ಟ ತೊಟ್ಟಿಲು ಅದು. ನಟ ಅಂಬರೀಷ್ ತೀರಿಕೊಳ್ಳುವ ಮೊದಲು ಯಶ್ ಅವರ ಮಗುವಿಗೆಂದು ಮಾಡಿಸಲು ಹೇಳಿದ್ದು ಇದೇ ಕಲಘಟಗಿ ತೊಟ್ಟಿಲನ್ನು.

ಗಾಲಿ ಇದ್ದ ಗಾಡಿಯೂ ನಮ್ಮಲ್ಲಿ ಇತ್ತು. ಮೂರು ಗಾಲಿಯ ಮರದ ಗಾಡಿ ನೆನಪಿದೆಯಲ್ಲ? ಮಗು ಹಿಡಿ ಹಿಡಿದು ಎದ್ದು ನಿಂತು ತಳ್ಳುತ್ತಾ ನಡೆಯಲು ಕಲಿಯುವುದು. ಅಲ್ಲಿ ಗಾಡಿ ತಳ್ಳುವುದು ಮಗು. ಮಗುವನ್ನು ಕೂರಿಸಿ ದೊಡ್ಡವರು ತಳ್ಳುವ ಗಾಡಿ ನಮ್ಮ ಹಳ್ಳಿಗಳಲ್ಲಿ ಬೆಳೆಯಲಿಲ್ಲ.

ಬೆಳೆಯುವುದಾದರೂ ಹೇಗೆ? ಕುಂದಾಪುರದ ಸುತ್ತ ಐದು ಹೊಳೆಗಳು ಸೇರುತ್ತವೆ. ಸೇತುವೆ ಬರುವ ಮೊದಲು ಕರಾವಳಿಯ ದಾರಿಯಲ್ಲಿ ಹೋಗುವವರು ದೋಣಿ ಹತ್ತಿಯೇ ಹೊಳೆ ದಾಟಬೇಕಿತ್ತು. ಒಳದಾರಿ ಎಂದರೆ ಗದ್ದೆ ಅಂಚು, ಕಾಲುಸಂಕ, ಮಳೆಗಾಲದ ಕೆಸರು. ಗಾಲಿ ಉರುಳಲು ಜಾಗವೇ ಇರಲಿಲ್ಲ. ಈಗಲೂ ಎಲ್ಲ ಕಡೆ ಇಲ್ಲ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆ ಬಿಟ್ಟು ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ಅಂತಹ ದಾರಿ ಇರುವ ಮನೆಯವರಿಗೆ ಸ್ಟ್ರೋಲರ್ ಮಾರುವವನು ಏನು ಹೇಳಿದರೂ ಮಗು ಸೊಂಟದ ಮೇಲೇ ಇರಬೇಕು.

ಅರಮನೆ ತೋಟದಿಂದ ವಿಮಾನ ನಿಲ್ದಾಣಕ್ಕೆ

ಮಗುವಿನ ಗಾಡಿಯ ಚರಿತ್ರೆ ಬರೆಯುವವರು 1733ರಿಂದ ಶುರು ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಡೆವನ್‌ಶೈರ್ ಡ್ಯೂಕ್ ತನ್ನ ಮಕ್ಕಳಿಗೆಂದು ವಿಲಿಯಂ ಕೆಂಟ್ ಎಂಬ ತೋಟ ವಿನ್ಯಾಸಕಾರನಿಂದ ಒಂದು ಗಾಡಿ ಮಾಡಿಸಿದ. ಚಿಪ್ಪಿನ ಆಕಾರ, ಕೆಳಗೆ ಸ್ಪ್ರಿಂಗು. ಎಳೆಯಲು ಆಡು ಅಥವಾ ಸಣ್ಣ ಕುದುರೆ. ಅರಮನೆ ತೋಟದ ಸಪಾಟು ದಾರಿಗೆ ಮಾಡಿದ ಆಟದ ಸಾಮಾನು ಅದು.

ಮುಂದಿನ ಶತಮಾನದಲ್ಲಿ ಪ್ರಾಣಿಯ ಜಾಗಕ್ಕೆ ಹಿಡಿ ಬಂತು, ಮನುಷ್ಯರು ತಳ್ಳತೊಡಗಿದರು. ಅದೇ ಪೆರಾಂಬುಲೇಟರ್, ಚಿಕ್ಕದಾಗಿ ಪ್ರಾಮ್. ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ ನಮ್ಮ ಊರಿನವರಿಗೆ ಅದರ ಮರಾಠಿ ಹೆಸರು ಗೊತ್ತಿರುತ್ತದೆ: ಬಾಬಾಗಾಡಿ. ಬ್ರಿಟಿಷರ ಕಾಲದಲ್ಲಿ ಈ ಗಾಡಿಯಲ್ಲಿ ದೊರೆಗಳ ಮಗು ಕೂರುತ್ತಿತ್ತು, ತಳ್ಳುತ್ತಿದ್ದವಳು ನಮ್ಮ ದೇಶದ ಆಯಾ. ಅವಳ ಸ್ವಂತ ಮಗು ಬೇರೆ ಯಾರದೋ ಸೊಂಟದಲ್ಲಿರುತ್ತಿತ್ತು.

1889ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ರಿಚರ್ಡ್ಸನ್ ಎಂಬ ಕಪ್ಪು ಜನಾಂಗದ ಸಂಶೋಧಕ ಪೇಟೆಂಟ್ ಪಡೆದ. ಅವನ ಗಾಡಿಯಲ್ಲಿ ಮಗುವಿನ ಆಸನ ತಿರುಗಿಸಬಹುದಿತ್ತು. ಬೇಕಾದರೆ ಮಗು ರಸ್ತೆ ನೋಡಲಿ, ಬೇಕಾದರೆ ತಾಯಿಯ ಮುಖ ನೋಡಲಿ. ಇಂದು ಸಾವಿರಾರು ರೂಪಾಯಿ ಹೆಚ್ಚು ಕೇಳುವ ಈ ಸೌಲಭ್ಯಕ್ಕೆ 130 ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

ನಾವು ಈಗ ಅಂಗಡಿಯಲ್ಲಿ ನೋಡುವ ಕೊಡೆಯ ಹಾಗೆ ಮಡಚುವ ಗಾಡಿ ಮಾತ್ರ 1965ರದ್ದು. ಮಾಡಿದವನು ಓವನ್ ಮೆಕ್ಲಾರೆನ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಗಾಲಿ ಭಾಗದ ಕೆಲಸ ಮಾಡಿದ್ದ ಎಂಜಿನಿಯರ್. ಮಾಸ್ಕೋದಿಂದ ಮೊಮ್ಮಗುವನ್ನು ಕರೆದುಕೊಂಡು ಬಂದ ಮಗಳು ಭಾರದ ಗಾಡಿಯೊಂದಿಗೆ ಒದ್ದಾಡುವುದು ನೋಡಿ, ವಿಮಾನದ ಗಾಲಿ ಮಡಚುವ ಉಪಾಯವನ್ನೇ ಮಗುವಿನ ಗಾಡಿಗೆ ತಂದ ಎನ್ನುತ್ತಾರೆ. ಅಲ್ಯೂಮಿನಿಯಂ ಚೌಕಟ್ಟು, ತೂಕ ಮೂರು ಕೆ.ಜಿ.ಗಿಂತ ಕಡಿಮೆ. ಇದು ವಿಮಾನ ನಿಲ್ದಾಣದ ನುಣುಪು ನೆಲಕ್ಕೆ, ಪಟ್ಟಣದ ಫುಟ್‌ಪಾತಿಗೆ ಹೊಂದಿದ ಗಾಡಿ.

1980ರ ದಶಕದಲ್ಲಿ ಅಮೆರಿಕದ ಫಿಲ್ ಬೇಕ್ಲರ್ ಎಂಬ ಪತ್ರಕರ್ತನಿಗೆ ಮಗನನ್ನೂ ಕರೆದುಕೊಂಡು ಓಡುವ ಆಸೆ. ಸ್ಟ್ರೋಲರಿಗೆ ಸೈಕಲ್ ಗಾಲಿ ಹಾಕಿದ. ಮೂರು ದೊಡ್ಡ ಗಾಲಿಯ ಗಾಡಿ ಹಾಗೆ ಬಂತು.

ನೋಡಿ, ಪ್ರತಿ ಗಾಡಿಯ ಹಿಂದೆ ಒಂದು ನೆಲ ಇದೆ, ಒಂದು ಕುಟುಂಬ ಇದೆ. ಆ ನೆಲ, ಆ ಕುಟುಂಬ ನಮ್ಮದಲ್ಲದಿದ್ದರೆ ಗಾಡಿ ಅಟ್ಟಕ್ಕೆ ಹೋಗುವುದು ಸಹಜ.

ಈಗ ನಮಗ್ಯಾಕೆ ಬೇಕಾಯಿತು?

"ಗಾಡಿ ಎಂತಕ್ಕೆ ಮಾರಾಯ್ತಿ, ಸೊಂಟ ಎಂತಕ್ಕಿತ್ತ್?" ಎಂದು ಅಜ್ಜಿಯರು ಕೇಳುತ್ತಾರೆ. ಅವರ ಕಾಲಕ್ಕೆ ಅದು ಸರಿಯಾದ ಪ್ರಶ್ನೆ. ಮನೆಯಲ್ಲಿ ಒಂದಲ್ಲ, ಹತ್ತು ಸೊಂಟ ಇದ್ದವು. ಅಳಿಯಕಟ್ಟಿನ ಮನೆಗಳಲ್ಲಂತೂ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅವರ ದೊಡ್ಡ ಹೆಣ್ಣುಮಕ್ಕಳು ಎಲ್ಲರೂ ಒಂದೇ ಮಾಡಿನಡಿ. ಒಬ್ಬರ ತೋಳು ಸೋತರೆ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲು ಮಾಡಿಕೊಳ್ಳಲು ದಾರಿ ಕೊಟ್ಟಿತು. ಮುಂಬೈ, ಬೆಂಗಳೂರು, ಗಲ್ಫ್ ಜನರನ್ನು ಕರೆದವು. ಮನೆ ಚಿಕ್ಕದಾಯಿತು. ಇಂದು ಎಷ್ಟೋ ಮನೆಗಳಲ್ಲಿ ಬಾಣಂತನ ಮುಗಿದ ಮೇಲೆ ಇರುವುದು ತಾಯಿ, ಮಗು, ಮಂಡಿನೋವಿನ ಅತ್ತೆ. ಒಂದು ವರ್ಷದ ಮಗು 9-10 ಕೆ.ಜಿ. ತೂಗುತ್ತದೆ. ಸಿಸೇರಿಯನ್ ಆದ ತಾಯಿ ಅದನ್ನು ದಿನವಿಡೀ ಒಬ್ಬಳೇ ಹೊರಬೇಕು. ಆ ಬೆನ್ನು ನೋಯುವುದು ಸೋಮಾರಿತನವಲ್ಲ. ಗಾಡಿ ಕೇಳುವ ಸೊಸೆಯನ್ನು "ಪೇಟೆ ಶೋಕಿ" ಎನ್ನುವವರು ಈ ಲೆಕ್ಕ ಒಮ್ಮೆ ಹಾಕಬೇಕು.

ಸರ್ಕಾರಕ್ಕೂ ಈ ಲೆಕ್ಕ ಗೊತ್ತು. 1948ರ ಕಾರ್ಖಾನೆ ಕಾಯ್ದೆ ಹೆಚ್ಚು ಹೆಂಗಸರು ಕೆಲಸ ಮಾಡುವ ಕಾರ್ಖಾನೆಯಲ್ಲಿ ಶಿಶುಗೃಹ ಇರಬೇಕೆಂದಿತು. ಮುಂದೆ ಆ ಕಾಯ್ದೆಯಡಿ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಕಡ್ಡಾಯವಾಗಿತ್ತು. ನಮ್ಮ ಗೇರುಬೀಜ ಕಾರ್ಖಾನೆಗಳಿಗೆ ಹೋಗುವವರು ಈಗಿನ ನಿಯಮ ಏನೆಂದು ವಿಚಾರಿಸಬಹುದು. 2023ರಲ್ಲಿ ನರೇಗಾ ಕೆಲಸಗಾರರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ "ಕೂಸಿನ ಮನೆ" ಘೋಷಣೆಯಾಯಿತು. ಗಾಡಿಗೆ ಹಣ ಹೊಂದಿಸುವ ಮೊದಲು ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ ಎಂದು ವಿಚಾರಿಸಿ.

ಕೊಳ್ಳುವುದಾದರೆ

ಮೊದಲು ನಿಮ್ಮ ನೆಲ ನೋಡಿ. ಚಿಕ್ಕ ಪ್ಲಾಸ್ಟಿಕ್ ಗಾಲಿ ಟೈಲ್ಸ್ ನೆಲದಲ್ಲಿ, ಸಿಮೆಂಟ್ ಅಂಗಳದಲ್ಲಿ ಓಡುತ್ತದೆ. ಮರಳು, ಜಲ್ಲಿ, ಮುರಕಲ್ಲಿನ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿಗೆ ದೊಡ್ಡ ಗಾಲಿಯೇ ಬೇಕು. ಆದರೆ ದೊಡ್ಡ ಗಾಲಿಯ ಗಾಡಿ ಭಾರ. ಬಸ್ಸಿಗೆ, ರಿಕ್ಷಾಕ್ಕೆ ಏರಿಸುವುದು ಕಷ್ಟ. ಬಸ್ಸಲ್ಲೇ ತಿರುಗುವವರಿಗೆ ಒಂದೇ ಕೈಯಲ್ಲಿ ಮಡಚುವ ಹಗುರದ್ದು ಸಾಕು. ಇನ್ನೊಂದು ಕೈಯಲ್ಲಿ ಮಗು ಇರುತ್ತದೆಯಲ್ಲ.

ಕುತ್ತಿಗೆ ಗಟ್ಟಿಯಾಗದ ಎಳೆ ಕೂಸಿಗೆ ಪೂರ್ತಿ ಮಲಗಿಸಲು ಬರುವ ಗಾಡಿಯೇ ಆಗಬೇಕು. ಕೂರಿಸುವ ಗಾಡಿ ಆರು ತಿಂಗಳ ನಂತರ. ಭುಜ, ಸೊಂಟ, ಕಾಲ ಸಂದಿ ಮೂರನ್ನೂ ಹಿಡಿಯುವ ಬೆಲ್ಟ್ ಇದೆಯೇ, ಬ್ರೇಕ್ ಗಟ್ಟಿ ಇದೆಯೇ ನೋಡಿ. ಮಡಚುವಾಗ ಮಗುವಿನ ಕೈ ಕೀಲಿನ ಹತ್ತಿರ ಇರಬಾರದು. ಬೆರಳ ತುದಿ ಕತ್ತರಿಸಿಹೋದ ದೂರುಗಳಿಂದ 2009ರಲ್ಲಿ ಅಮೆರಿಕದಲ್ಲಿ ಮೆಕ್ಲಾರೆನ್ ಕಂಪನಿಯೇ ಸುಮಾರು 10 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆದು ಕೀಲಿಗೆ ಮುಚ್ಚಳ ಕೊಡಬೇಕಾಯಿತು.

ಹೆದ್ದಾರಿ ಬದಿಯಲ್ಲಿ ತಳ್ಳಬೇಡಿ. ಅಪಘಾತದ ಭಯ ಒಂದು, ಹೊಗೆ ಇನ್ನೊಂದು. ಗಾಡಿಯಲ್ಲಿ ಕೂತ ಮಗುವಿನ ಮೂಗು ವಾಹನದ ಹೊಗೆಕೊಳವೆಯ ಎತ್ತರಕ್ಕೇ ಇರುತ್ತದೆ. ದೊಡ್ಡವರಿಗಿಂತ ಶೇ. 60ರವರೆಗೂ ಹೆಚ್ಚು ಮಾಲಿನ್ಯ ಮಗುವಿಗೆ ತಾಗಬಹುದು ಎಂದು 2018ರಲ್ಲಿ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು ಹೇಳಿದ್ದಾರೆ. ಬಿಸಿಲಿಗೆಂದು ದಪ್ಪ ಬಟ್ಟೆ ಮುಚ್ಚಲೂಬೇಡಿ, ಒಳಗೆ ಸೆಕೆ ಏರುತ್ತದೆ.

ಗಾಡಿಯ ಬದಲು ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಚೀಲವೂ ಅಂಗಡಿಯಲ್ಲಿ ಸಿಗುತ್ತದೆ. ಮಳೆಗಾಲಕ್ಕೆ, ಕಾಲುಸಂಕದ ದಾರಿಗೆ, ಕೈ ಎರಡೂ ಬಿಡುವಾಗಿರಬೇಕಾದವರಿಗೆ ಅದೇ ಮೇಲು. ಅಜ್ಜಿಯ ಸೀರೆ ಜೋಲಿಯ ತಮ್ಮ ಎನ್ನಬಹುದು.

ಕೊನೆಗೆ ಒಂದು ಮಾತು. ಅಂಗಡಿಯ ನುಣುಪು ನೆಲದ ಮೇಲೆ ಖಾಲಿ ಗಾಡಿ ತಳ್ಳಿ ದುಡ್ಡು ಕೊಡಬೇಡಿ. ಹತ್ತು ಕೆ.ಜಿ. ಅಕ್ಕಿ ಚೀಲ ಇಟ್ಟು ಹೊರಗಿನ ರಸ್ತೆಗೆ ಇಳಿಸಿ ನೋಡಿ, ಹಾಗೇ ಮೆಟ್ಟಿಲು ಹತ್ತಿಸಿ ನೋಡಿ. ಅದಕ್ಕೂ ಮೊದಲು ನೆಂಟರ ಮನೆಯ ಅಟ್ಟ ಒಮ್ಮೆ ಹುಡುಕಿ. ಬ್ರೇಕು, ಬೆಲ್ಟು ಗಟ್ಟಿ ಇದ್ದರೆ ತೊಟ್ಟಿಲಿನ ಹಾಗೆ ಗಾಡಿಯೂ ಮನೆಯಿಂದ ಮನೆಗೆ ಹೋಗಲಿ.